ನಲವತ್ತೊಂದನೆಯ ಸಾಲು

೨೦೨೩ರ ನವೆಂಬರ್ ೧೮, ಶನಿವಾರ, ಬೆಳಿಗ್ಗೆ ೧೦ ಗಂಟೆ ೪೨ ನಿಮಿಷಕ್ಕೆ ಅವಳು ಅಂದಿನ ಎಂಟನೆಯ ದೂರನ್ನು ತೆರೆದಳು. ಮೊದಲಿನ ಏಳೂ ಮಾಮೂಲಿನವು. ಒಬ್ಬನಿಗೆ ಅಕ್ಷರ ತೀರಾ ಸಣ್ಣದು, ಇನ್ನೊಬ್ಬನಿಗೆ ಅದೇ ಅಕ್ಷರ ತೀರಾ ದೊಡ್ಡದು. ಮತ್ತೊಬ್ಬರು ಪುಟದ ಹಸಿರು ಬಣ್ಣ ನೋಡಿದರೆ ತಮಗೆ ಹೊಟ್ಟೆ ತೊಳಸುತ್ತದೆ ಎಂದು ಬರೆದಿದ್ದರು. ಅವಳು ಯಾರನ್ನೂ ಗೇಲಿ ಮಾಡಲಿಲ್ಲ. ಈಚೆಗೆ ಗೇಲಿ ಮಾಡುವುದೊಂದು ಚಟವಾಗಿತ್ತು, ಬಿಡಬೇಕೆಂದುಕೊಂಡಿದ್ದಳು.

ವಾರದ ಐದು ದಿನ ಅವಳದು ಕುಡಿಯುವ ನೀರಿನ ಪರೀಕ್ಷಾಲಯದಲ್ಲಿ ಕೆಲಸ. ನಗರದ ಮೂಲೆಮೂಲೆಗಳಿಂದ ಬರುವ ಬಾಟಲಿಗಳಲ್ಲಿ ಕ್ಲೋರಿನ್ ಎಷ್ಟಿದೆ, ಕ್ರಿಮಿ ಇದೆಯೇ ಎಂದು ನೋಡಿ ಸಹಿ ಹಾಕುವುದು. ಶನಿವಾರ ಮಾತ್ರ ‘ಕಟ್ಟೆ’ಗೆ ಮೀಸಲು. ಕಟ್ಟೆ ಎಂದರೆ ಪ್ರೋಗ್ರಾಂ ಬರೆಯುವ ಹವ್ಯಾಸಿಗಳ ಒಂದು ಜಾಲತಾಣ. ತಾವು ಬರೆದದ್ದನ್ನು ಹಂಚಿಕೊಳ್ಳುವವರು, ಬೇರೆಯವರದನ್ನು ಕಾಪಿ ಮಾಡಿಕೊಳ್ಳುವವರು, ಸುಮ್ಮನೆ ಕೂತು ಜಗಳ ನೋಡುವವರು ಎಲ್ಲರೂ ಅಲ್ಲಿದ್ದರು. ಯಾರಿಗೂ ನಿಜವಾದ ಹೆಸರಿಲ್ಲ, ಅಡ್ಡಹೆಸರು ಮಾತ್ರ. ಅವಳು ಅಲ್ಲಿ ‘ಅಳತೆಗೋಲು’. ಐದು ವರ್ಷದಿಂದ ಸಲಹೆ ಮತ್ತು ದೂರು ವಿಭಾಗದ ಮೇಲ್ವಿಚಾರಕಿ.

ದೂರು ಕೊಡುವುದಕ್ಕೆ ಅವಳೇ ಒಂದು ನಮೂನೆ ಮಾಡಿದ್ದಳು. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ನೀವು ಓಡಿಸುತ್ತಿರುವ ಪ್ರೋಗ್ರಾಮನ್ನು ಪೂರ್ತಿ ಅಂಟಿಸಿ, ಉಪಕರಣವಿದ್ದರೆ ಫೋಟೋ ಹಾಕಿ. ಒಂದು ಕಲಮು ಖಾಲಿ ಬಿಟ್ಟರೂ ದೂರು ವಾಪಸ್. ಇದಕ್ಕಾಗಿ ಅವಳನ್ನು ಬೈಯದ ಸದಸ್ಯರಿರಲಿಲ್ಲ.

ಎಂಟನೆಯ ದೂರು ಬಂದದ್ದು ಅಂದೇ ಬೆಳಿಗ್ಗೆ ೯ ಗಂಟೆ ೧೦ ನಿಮಿಷಕ್ಕೆ, ‘ಮಳೆಕೊಡೆ’ ಎಂಬ ಸದಸ್ಯೆಯಿಂದ. ನಮೂನೆಯನ್ನು ಚಾಚೂ ತಪ್ಪದೆ ತುಂಬಿದ್ದರು.

‘ಬೆಚ್ಚನೆ ಪೆಟ್ಟಿಗೆ ಪ್ರೋಗ್ರಾಂ ಕಾಪಿ ಮಾಡಿ ಹಾಕಿಕೊಂಡೆ. ಮೂವತ್ತನಾಲ್ಕು ದಿನದಿಂದ ಚೆನ್ನಾಗಿ ನಡೆಯುತ್ತಿದೆ. ನಿನ್ನೆಯಿಂದ ಆಗಾಗ ಮೈನಸ್ ೧೨೭ ಡಿಗ್ರಿ ಎಂದು ತೋರಿಸುತ್ತದೆ. ಸೆನ್ಸರಿನ ತಂತಿ ಅಲ್ಲಾಡಿಸಿದರೆ ಸರಿಹೋಗುತ್ತದೆ. ಆದರೆ ಅಷ್ಟು ಹೊತ್ತೂ ಹೀಟರಿನ ಕೆಂಪು ದೀಪ ಉರಿಯುತ್ತಲೇ ಇರುತ್ತದೆ. ಇದು ನಿಮ್ಮ ಪ್ರೋಗ್ರಾಮಿನ ದೋಷವೋ ನನ್ನ ತಪ್ಪೋ ತಿಳಿಯಲಿಲ್ಲ. ನನ್ನ ತಮ್ಮನ ಕಾಲ ಕೆಳಗಿನ ಮೆತ್ತೆಗೆ ಇದನ್ನು ಹಾಕಿದ್ದೇನೆ. ಬೆನ್ನುಮೂಳೆಗೆ ಪೆಟ್ಟಾದ ಮೇಲೆ ಅವನಿಗೆ ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ, ಕಾಲು ಮಾತ್ರ ಕಲ್ಲಿನಂತೆ ತಣ್ಣಗಿರುತ್ತದೆ. ರಾತ್ರಿಯೆಲ್ಲ ಬೆನ್ನುನೋವಿನಲ್ಲಿ ಎದ್ದಿದ್ದು ಈಗ ಮಲಗಿದ್ದಾನೆ. ನಾನು ಕೆಲಸಕ್ಕೆ ಹೊರಟೆ, ಎರಡು ಗಂಟೆಗೆ ಬಂದು ನೋಡುತ್ತೇನೆ. ಅವಸರವಿಲ್ಲ.’

ಬೆಚ್ಚನೆ ಪೆಟ್ಟಿಗೆ ಅವಳದೇ ಪ್ರೋಗ್ರಾಂ. ಮೂರು ವರ್ಷದ ಕೆಳಗೆ ಪರೀಕ್ಷಾಲಯದಲ್ಲಿ ನೀರಿನ ಮಾದರಿಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಕೆಟ್ಟಾಗ ಒಂದು ಭಾನುವಾರ ಕೂತು ಬರೆದದ್ದು. ಮೂವತ್ತಾರು ಡಿಗ್ರಿಗಿಂತ ಕೆಳಗಿಳಿದರೆ ಹೀಟರ್ ಹಚ್ಚು, ಮೂವತ್ತೇಳು ದಾಟಿದರೆ ಆರಿಸು, ಅಷ್ಟೆ. ಶಾಖ ಅಳೆಯುವ ಸೆನ್ಸರಿನ ತಂತಿ ಬಿಟ್ಟುಕೊಂಡರೆ ಅದು ಮೈನಸ್ ೧೨೭ ಎಂದು ಒದರುತ್ತದೆ. ಅದು ಗೊತ್ತಿದ್ದೇ ಅವಳು ನಲವತ್ತೊಂದನೆಯ ಸಾಲು ಬರೆದಿದ್ದಳು: ಓದಿದ ಅಂಕಿ ಸೊನ್ನೆಗಿಂತ ಕೆಳಗಿದ್ದರೆ ಸೆನ್ಸರನ್ನು ನಂಬಬೇಡ, ಹೀಟರ್ ಆರಿಸು, ಗಂಟೆ ಬಾರಿಸು.

“ಸಾಧ್ಯವೇ ಇಲ್ಲ,” ಎಂದಳು ಜೋರಾಗಿ.

“ಏನು ಸಾಧ್ಯ ಇಲ್ಲ?” ಎಂದರು ಅತ್ತೆ. ಅವರು ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಮಗನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಆ ಮಗ, ಅಂದರೆ ಅವಳ ಗಂಡ, ಜಮೀನು ಅಳೆಯುವ ಮೋಜಣಿದಾರ. ಎರಡು ದಿನದಿಂದ ಯಾವುದೋ ಬೆಟ್ಟದ ನೆತ್ತಿಯಲ್ಲಿ ದುರ್ಬೀನು ಹಿಡಿದು ನಿಂತಿದ್ದ.

“ಕೆಂಪು ದೀಪ ಉರೀತಿದೆಯಂತೆ. ಉರಿಯಕ್ಕೆ ಸಾಧ್ಯ ಇಲ್ಲ.”

“ಉರೀತಿದೆ ಅಂದ್ರೆ ಉರೀತಿದೆ ಕಣೇ. ಕಂಡೋರು ಹೇಳ್ತಿದಾರೆ, ಕಾಣ್ದೋಳು ನೀನು ವಾದ ಮಾಡ್ತೀಯಲ್ಲ!”

ಅವಳು ಮಳೆಕೊಡೆ ಅಂಟಿಸಿದ್ದ ಪ್ರೋಗ್ರಾಮಿನ ಕೊನೆಗೆ ಹೋದಳು. ಸಾಲುಗಳ ಸಂಖ್ಯೆ ಎಡಗಡೆಯೇ ಇತ್ತು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಆಮೇಲೆ ಏನೂ ಇರಲಿಲ್ಲ.

ಅವಳು ಬರೆದದ್ದು ನಲವತ್ತಾರು ಸಾಲು.

ಅವಳು ಪ್ರೋಗ್ರಾಂ ಬರೆದ ಭಾಷೆಯಲ್ಲಿ ಇಲ್ಲಿಗೆ ಮುಗಿಯಿತು ಎಂಬ ಗುರುತು ಕಡ್ಡಾಯವಲ್ಲ. ಬಾಲ ಕತ್ತರಿಸಿದರೂ ಪ್ರೋಗ್ರಾಂ ಏನೂ ಆಗದವರ ಹಾಗೆ ಓಡುತ್ತದೆ. ತಂತಿ ಗಟ್ಟಿಯಾಗಿರುವ ತನಕ ಯಾರಿಗೂ ಅನುಮಾನ ಬರುವುದಿಲ್ಲ. ತಂತಿ ಸಡಿಲಾದ ದಿನ ಅದು ಮೈನಸ್ ೧೨೭ನ್ನು ನಿಜವೆಂದು ನಂಬುತ್ತದೆ, ಅಯ್ಯೋ ಪಾಪ ಇಷ್ಟು ಚಳಿಯೇ ಎಂದು ಹೀಟರ್ ಹಚ್ಚುತ್ತದೆ, ಮತ್ತೆ ಆರಿಸುವುದೇ ಇಲ್ಲ.

ಆಗ ಅವಳಿಗೆ ‘ಪೆನ್ಸಿಲ್ ತುಂಡು’ ನೆನಪಾದ. ಇಪ್ಪತ್ತಮೂರು ದಿನದ ಹಿಂದೆ ಆ ಸದಸ್ಯ ಒಂದು ದೂರು ಕೊಟ್ಟಿದ್ದ: ಕಾಪಿ ಬಟನ್ ಒತ್ತಿದರೆ ಉದ್ದದ ಪ್ರೋಗ್ರಾಂಗಳ ಕೊನೆಯ ಸಾಲುಗಳನ್ನು ನುಂಗಿಹಾಕುತ್ತದೆ. ಅವಳು ಪದ್ಧತಿಯಂತೆ ಮೂರು ಸಲ, ಮೂರು ಬ್ರೌಸರಿನಲ್ಲಿ ಒತ್ತಿ ನೋಡಿದ್ದಳು. ಮೂರು ಸಲವೂ ಪೂರ್ತಿ ಬಂದಿತ್ತು. ‘ನಮ್ಮಲ್ಲಿ ನುಂಗಲಿಲ್ಲ. ನಿಮ್ಮ ಮೌಸಿಗೆ ಹಸಿವಾಗಿತ್ತೇನೋ ಕೇಳಿ ನೋಡಿ’ ಎಂದು ಬರೆದು ದೂರು ಮುಚ್ಚಿದ್ದಳು. ಹನ್ನೊಂದು ಜನ ನಕ್ಕ ಗುರುತು ಒತ್ತಿದ್ದರು. ಅದನ್ನು ಅವಳು ಎರಡು ಸಲ ಹೋಗಿ ಎಣಿಸಿಕೊಂಡೂ ಬಂದಿದ್ದಳು.

ಈಗ ಅವಳು ಐದು ವರ್ಷದಲ್ಲಿ ಮಾಡದಿದ್ದ ಒಂದು ಕೆಲಸ ಮಾಡಿದಳು. ತನ್ನ ಖಾತೆಯಿಂದ ಹೊರಬಂದು, ದಾರಿಹೋಕಳ ಹಾಗೆ ಕಟ್ಟೆಯ ಬಾಗಿಲು ತಟ್ಟಿದಳು. ಬೆಚ್ಚನೆ ಪೆಟ್ಟಿಗೆಯ ಪುಟ ತೆರೆಯಿತು. ನಲವತ್ತು ಸಾಲಾದ ಮೇಲೆ ಒಂದು ಬೂದು ಪಟ್ಟಿ: ಇನ್ನೂ ೬ ಸಾಲುಗಳಿವೆ, ಬಿಡಿಸಿ ನೋಡಿ. ಕಾಪಿ ಒತ್ತಿ ಖಾಲಿ ಪುಟದಲ್ಲಿ ಅಂಟಿಸಿದಳು. ನಲವತ್ತು.

ಉದ್ದದ ಪ್ರೋಗ್ರಾಮನ್ನು ನಲವತ್ತು ಸಾಲಿಗೆ ಮಡಚಿಡುವ ಸಲಹೆ ಒಬ್ಬ ಸದಸ್ಯರದು. ಫೋನಿನಲ್ಲಿ ಓದಲು ಸುಲಭ ಎಂದು ಆರು ವಾರದ ಕೆಳಗೆ ಒಪ್ಪಿಗೆ ಕೊಟ್ಟವಳು ಅವಳೇ. ಮೇಲ್ವಿಚಾರಕರಿಗೆ ದಿನಕ್ಕೆ ನೂರು ಪುಟ ನೋಡುವುದಿರುತ್ತದೆ, ನಮಗೆ ಮಡಿಕೆ ಬೇಡ ಎಂದು ವಿನಾಯಿತಿ ಕೇಳಿಕೊಂಡವಳೂ ಅವಳೇ. ಹಾಗಾಗಿ ಮಡಿಕೆಯೊಳಗೆ ಸಿಕ್ಕಿಕೊಂಡ ಸಾಲುಗಳನ್ನು ಬಟನ್ ಬಿಟ್ಟುಬಿಡುವುದು ಲೋಕಕ್ಕೆಲ್ಲ ಕಾಣುತ್ತಿತ್ತು, ಅದನ್ನು ಪರೀಕ್ಷಿಸಬೇಕಾದ ನಾಲ್ಕು ಜನ ಮೇಲ್ವಿಚಾರಕರಿಗೆ ಮಾತ್ರ ಕಾಣುತ್ತಿರಲಿಲ್ಲ. ಮೂರಲ್ಲ, ಮುನ್ನೂರು ಬ್ರೌಸರಿನಲ್ಲಿ ಒತ್ತಿದ್ದರೂ ಅವಳಿಗೆ ಪೂರ್ತಿಯೇ ಬರುತ್ತಿತ್ತು.

“ಮುಖ ಯಾಕೆ ಹಂಗೆ ಬಿಳಚಿಕೊಂಡಿದೆ?” ಅತ್ತೆ ಸೂಜಿ ನಿಲ್ಲಿಸಿದರು.

“ಅತ್ತೆ, ಒಬ್ಬ ಹುಡುಗನ ಕಾಲು ಸುಡ್ತಿರಬಹುದು. ನನ್ನಿಂದ. ಅವನು ಯಾರು, ಎಲ್ಲಿದಾನೆ ಒಂದೂ ಗೊತ್ತಿಲ್ಲ.”

ಗೊತ್ತಿದ್ದದ್ದು ಅಂಕಿಗಳು ಮಾತ್ರ. ಕಾಲೇಜಿನಲ್ಲಿ ಓದಿದ್ದು ಇಂಥ ಹೊತ್ತಿನಲ್ಲೇ ನೆನಪಾಗಬೇಕೆ? ಚರ್ಮ ನಲವತ್ತನಾಲ್ಕು ಡಿಗ್ರಿಯನ್ನು ಸುಮಾರು ಆರು ಗಂಟೆ ತಡೆಯುತ್ತದೆ. ನಲವತ್ತೊಂಬತ್ತನ್ನು ಹತ್ತು ನಿಮಿಷ. ಅರವತ್ತನ್ನು ಐದು ಸೆಕೆಂಡು. ನಮಗೆ ನಿಮಗಾದರೆ ಕಾಲು ಹಿಂದೆಳೆದುಕೊಳ್ಳುತ್ತದೆ. ಆ ಹುಡುಗನ ಕಾಲಿಗೆ ಅದು ತಿಳಿಯದು. ದೂರಿನ ಜೊತೆಗಿದ್ದ ಫೋಟೋದ ಪ್ರಕಾರ ಮೆತ್ತೆಯ ಹೀಟರು ನಲವತ್ತು ವ್ಯಾಟಿನದು, ಮೇಲೆ ಕಂಬಳಿ. ಒಂದು ನಿಮಿಷಕ್ಕೆ ಅರ್ಧ ಡಿಗ್ರಿ ಏರುತ್ತದೆ ಎಂದಿಟ್ಟುಕೊಂಡರೂ ಅರ್ಧ ಗಂಟೆಯಲ್ಲಿ ಐವತ್ತು ದಾಟುತ್ತದೆ. ತಂತಿ ಯಾವಾಗ ಸಡಿಲಾಯಿತು? ಒಂಬತ್ತೂವರೆಗೋ, ಈಗಲೋ, ಇನ್ನೂ ಇಲ್ಲವೋ? ಅಕ್ಕ ಬರುವುದು ಎರಡು ಗಂಟೆಗೆ. ಗೋಡೆಯ ಗಡಿಯಾರದಲ್ಲಿ ಹತ್ತು ಐವತ್ತೊಂದು.

ದೂರಿನ ಕೆಳಗೆ ದಪ್ಪಕ್ಷರದಲ್ಲಿ ಬರೆದಳು: ‘ತಕ್ಷಣ ಪ್ಲಗ್ ಕೀಳಿ.’ ಬರೆದೇನು ಫಲ? ಆಕೆ ಮತ್ತೆ ಕಟ್ಟೆಗೆ ಬಂದಾಗಲೇ ಅದು ಕಾಣುವುದು. ಸದಸ್ಯರಿಗೆ ಖಾಸಗಿಯಾಗಿ ಹೇಳಿಕಳಿಸುವ ವ್ಯವಸ್ಥೆ ಕಟ್ಟೆಯಲ್ಲಿಲ್ಲ. ನೋಂದಾಯಿಸುವಾಗ ಕೊಟ್ಟ ಇಮೇಲ್ ವಿಳಾಸ ಇರುವುದು ಒಬ್ಬರ ಹತ್ತಿರ ಮಾತ್ರ, ಕಟ್ಟೆಯನ್ನು ಕಟ್ಟಿದ ‘ಬೀಗದಕೈ’ ಹತ್ತಿರ. ಬೀಗದಕೈ ಅಂದರೆ ಎರಡು ಬೀದಿ ಆಚೆಯ ಹಲ್ಲಿನ ಡಾಕ್ಟರು. ಫೋನ್ ಮಾಡಿದಳು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು. ಮೂರನೆಯ ಸಲ ರಿಂಗಾಗುವಾಗ ಅವಳು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿಯುತ್ತಿದ್ದಳು.

ನಡೆದರೆ ಎಂಟು ನಿಮಿಷದ ದಾರಿ, ಅವಳು ನಾಲ್ಕರಲ್ಲಿ ತಲುಪಿದಳು. ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಲವಂಗದೆಣ್ಣೆಯ ವಾಸನೆ, ಗೋಡೆಗಾತು ಕೂತ ಐದು ಜನ, ಐದು ಊದಿದ ಕೆನ್ನೆ. ಮೇಜಿನ ಹಿಂದಿನ ಹೆಂಗಸು ತಲೆಯೆತ್ತದೆ ಕೇಳಿದಳು.

“ಅಪಾಯಿಂಟ್‌ಮೆಂಟ್ ಇದ್ಯಾ?”

“ಹಲ್ಲಿಗಲ್ಲ ನಾನು ಬಂದಿದ್ದು. ಡಾಕ್ಟ್ರ ಹತ್ರ ಎರಡೇ ನಿಮಿಷ, ತುಂಬಾ ಅರ್ಜೆಂಟು.”

“ಇಲ್ಲಿ ಎಲ್ರದ್ದೂ ಅರ್ಜೆಂಟೇ ಮೇಡಂ. ನೋವಿಲ್ದೆ ಯಾರು ಬರ್ತಾರೆ ಹೇಳಿ? ಡಾಕ್ಟ್ರ ಎರಡು ಕೈಯೂ ಬಾಯೊಳಗಿದೆ. ಕೂತ್ಕೊಳ್ಳಿ.”

ಅವಳು ಕೂರಲಿಲ್ಲ. ಪರದೆ ಸರಿಸಿಕೊಂಡು ಒಳಗೇ ನುಗ್ಗಿದಳು. ಹಿಂದೆ “ರೀ! ರೀ ಮೇಡಂ!” ಎಂಬ ಕೂಗು, ಕೆನ್ನೆ ಊದಿದವರ ಗೊಣಗಾಟ. ಒಳಗೆ ಕುರ್ಚಿಯಲ್ಲಿ ಒಬ್ಬ ದಢೂತಿ ಲಾರಿ ಡ್ರೈವರು ಬಾಯ್ತೆರೆದು ಮಲಗಿದ್ದ. ಡಾಕ್ಟರು ದೀಪದ ಕೆಳಗಿಂದ ತಲೆಯೆತ್ತಿದರು.

“ಅಳತೆಗೋಲು? ಏನಮ್ಮಾ ಇದು, ಹೇಳದೆ ಕೇಳದೆ!”

ಅವಳು ಒಂದೇ ಉಸಿರಿಗೆ ಹೇಳಿದಳು. ಮಡಿಕೆ, ಬಟನ್, ನಲವತ್ತು ಸಾಲು, ಮೈನಸ್ ೧೨೭, ಹುಡುಗನ ಕಾಲು. ಡಾಕ್ಟರು ಕೈಗವಸುಗಳನ್ನು ಕಳಚಿ ತೊಟ್ಟಿಗೆ ಎಸೆದರು.

“ಹನ್ನೊಂದು ವರ್ಷ ಆಯ್ತು, ಆ ಪಟ್ಟಿ ಒಂದ್ಸಲಾನೂ ತೆಗೆದು ನೋಡಿಲ್ಲ ನಾನು. ಯಾರೂ ನೋಡಲ್ಲ ಅಂತ ಮಾತು ಕೊಟ್ಟಿದೀವಿ ಜನಕ್ಕೆ.”

“ಗೊತ್ತು ಸಾರ್.”

“ಗೊತ್ತು ಅಂತ ಗೊತ್ತು. ನನಗೇ ಹೇಳ್ಕೋತಿದೀನಿ, ಸುಮ್ನಿರು.” ಅವರು ಆಗಲೇ ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದರು.

ಪಟ್ಟಿ ತೆರೆಯಿತು. ಮಳೆಕೊಡೆಯ ಹೆಸರಿನ ಮುಂದೆ ಒಂದು ಇಮೇಲ್ ವಿಳಾಸ, ಅದೂ ಅಡ್ಡಹೆಸರಿನದೇ. ಫೋನಿಲ್ಲ, ಊರಿಲ್ಲ. ಡಾಕ್ಟರು ‘ಪ್ಲಗ್ ಕೀಳಿ, ತಮ್ಮನ ಕಾಲು ನೋಡಿ’ ಎಂದು ಪತ್ರ ಕಳಿಸಿದರು. ಐದು ನಿಮಿಷ ಕಾದರು. ಕುರ್ಚಿಯಲ್ಲಿದ್ದವನು ಬಾಯಿ ಮುಚ್ಚಿಕೊಂಡು ಎದ್ದು ಕೂತ. ಉತ್ತರ ಬರಲಿಲ್ಲ. ಹನ್ನೊಂದು ಗಂಟೆ ಹನ್ನೊಂದು ನಿಮಿಷ. ಐದು ನಿಮಿಷ ಎಂದರೆ ಎರಡೂವರೆ ಡಿಗ್ರಿ ಎಂದು ಅವಳ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ನಿಲ್ಲಿಸು ಎಂದರೂ ನಿಲ್ಲಿಸಲಿಲ್ಲ.

ಅವಳ ಫೋನ್ ಬಡಿದುಕೊಂಡಿತು. ಅತ್ತೆ.

“ಲೇ, ಕಂಪ್ಯೂಟ್ರು ತೆಗೆದೇ ಇಟ್ಟು ಓಡಿದೀಯ. ಅದರಲ್ಲಿ ಒಂದು ಫೋಟೋ ಇದೆ, ತಂತಿಗಿಂತಿ ಎಲ್ಲಾ ಒಂದು ಡಬ್ಬಿಯೊಳಗೆ.”

“ಹೌದು ಅತ್ತೆ, ಅದೇ ಆ ಹುಡುಗನ ಮನೇದು.”

“ಅದು ಕನ್ನಡಕದ ಡಬ್ಬಿ ಕಣೇ.”

“ಏನಂದ್ರಿ?”

“ಕನ್ನಡಕದ ಡಬ್ಬಿ! ಗಟ್ಟಿ ಮುಚ್ಚಳದ್ದು. ನಾಲ್ಕಿವೆ ನನ್ನ ಹತ್ರ, ನನಗೆ ಗೊತ್ತಾಗಲ್ವಾ? ಮುಚ್ಚಳದ ಒಳಗೆ ಅಂಗಡಿಯವರು ಹೆಸರು, ಫೋನು ಅಚ್ಚು ಹಾಕಿಸಿರ್ತಾರೆ. ಹೆಸರಿನ ಮೇಲೆ ಕರೀ ಟೇಪು ಮೆತ್ತಿದಾಳೆ ಪುಣ್ಯಾತ್ಗಿತ್ತಿ. ನಂಬರು ಕಾಣ್ತಿದೆ. ಬರ್ಕೋ. ಕೊನೇದೊಂದು ಅಂಕಿ ಮಾತ್ರ ಟೇಪಿನಡಿ ಹೋಗಿದೆ.”

ಫೋಟೋ ಅವಳೂ ನೋಡಿದ್ದಳು. ತಂತಿಯ ಬಣ್ಣ, ಬೆಸುಗೆ, ಬೋರ್ಡಿನ ಅಂಚು ಎಲ್ಲವನ್ನೂ. ಡಬ್ಬಿಯನ್ನು ನೋಡಿರಲಿಲ್ಲ. ಡಾಕ್ಟರ ಔಷಧದ ಚೀಟಿಯ ಮೇಲೆ ಅಂಕಿಗಳನ್ನು ಬರೆದುಕೊಂಡಳು. ಕೊನೆಯ ಜಾಗ ಖಾಲಿ. ಸೊನ್ನೆಯಿಂದ ಒಂಬತ್ತು, ಹತ್ತು ಸಾಧ್ಯತೆ, ಅದಕ್ಕಿಂತ ಹೆಚ್ಚಿಲ್ಲ.

“ಹಂಚಿಕೊಳ್ಳೋಣ,” ಎಂದರು ಡಾಕ್ಟರು. “ಸೊನ್ನೆಯಿಂದ ಮೂರು ನೀನು. ನಾಲ್ಕು, ಐದು, ಆರು ನಾನು.” ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಮೇಜಿನ ಹೆಂಗಸಿಗೆ, “ನೀನು ಏಳು, ಎಂಟು. ಬೈಯೋದು ಆಮೇಲೆ ಬೈಯುವಂತೆ.”

“ಒಂಬತ್ತು?” ಎಂದಳು ಆಕೆ.

ಲಾರಿ ಡ್ರೈವರು ಎದೆ ಮುಟ್ಟಿಕೊಂಡ. ಮರಗಟ್ಟಿದ ತುಟಿಯಿಂದ ಮಾತು ಹೊರಳಿ ಹೊರಳಿ ಬಂತು. “ಒಂಬತ್ತು ನಂಗ್ ಕೊಡಿ. ಬಾಯಿ ಅರ್ಧ ಇದೆ, ಸಾಕು.”

ಸೊನ್ನೆಯ ನಂಬರು ಚಾಲ್ತಿಯಲ್ಲಿರಲಿಲ್ಲ. ಒಂದರ ನಂಬರು ಯಾವುದೋ ಶಾಲೆಯ ಕಚೇರಿಯದು. ಶನಿವಾರ ಅರ್ಧ ದಿನ, ಸೋಮವಾರ ಬನ್ನಿ ಎಂದರು. ಎರಡರ ನಂಬರು ಬಹಳ ಹೊತ್ತು ರಿಂಗಾಗಿ ನಿಂತಿತು. ಅದೇ ಅಂಗಡಿಯಾಗಿದ್ದರೆ? ಬಾಗಿಲು ಹಾಕಿ ಹೋಗಿದ್ದರೆ? ಪಕ್ಕದಲ್ಲಿ ಡಾಕ್ಟರು ಯಾರದೋ ಕ್ಷಮೆ ಕೇಳುತ್ತಿದ್ದರು. ಡ್ರೈವರನ್ನು ಕುಡಿದಿದ್ದಾನೆಂದು ತಿಳಿದು ಆ ಕಡೆಯವರು ಫೋನಿಟ್ಟರು; ಅವನು ಹಟ ಬಿಡದೆ ಮತ್ತೆ ಒತ್ತಿದ.

“ಮೇಡಂ!” ಮೇಜಿನ ಹೆಂಗಸು ಫೋನನ್ನು ಅಂಗೈಯಿಂದ ಮುಚ್ಚಿ ಓಡಿಬಂದಳು. “ಎಂಟು. ಕನ್ನಡಕ.”

“ಹಲೋ, ಹೇಳಿ,” ಎಂದಿತು ಒಂದು ವಯಸ್ಸಾದ ಗಂಡು ದನಿ. “ದೂರದ್ದಾ, ಹತ್ತಿರದ್ದಾ?”

“ಕನ್ನಡಕಕ್ಕಲ್ಲ ಸಾರ್. ನಿಮ್ಮ ಗಿರಾಕಿ ಒಬ್ರು, ಹೆಂಗಸು. ಅವರ ತಮ್ಮನಿಗೆ ಬೆನ್ನುಮೂಳೆಗೆ ಪೆಟ್ಟಾಗಿ ಹಾಸಿಗೆ ಹಿಡಿದಿದಾನೆ. ನಿಮಗೆ ಗೊತ್ತಿರಬೇಕು.”

ಆ ಕಡೆ ಏನನ್ನೋ ಮೇಜಿನ ಮೇಲಿಟ್ಟ ಸದ್ದು.

“ಗೊತ್ತಾ ಸಾರ್?”

“ನೀವ್ಯಾರು?”

ತಾನು ಯಾರು? ಅಳತೆಗೋಲು ಎನ್ನಲೇ? ನೀರು ಪರೀಕ್ಷೆ ಮಾಡುವವಳು ಎನ್ನಲೇ? “ಅವರ ಮನೇಲಿರೋ ಹೀಟರಿನ ಪ್ರೋಗ್ರಾಂ ಬರೆದೋಳು. ಅದರಲ್ಲಿ ತಪ್ಪಾಗಿದೆ. ಹುಡುಗನ ಕಾಲು ಸುಡುತ್ತೆ, ಅವನಿಗೆ ಗೊತ್ತಾಗಲ್ಲ.”

“ನೋಡಿ ತಾಯಿ,” ಎಂದಿತು ದನಿ. “ದಿನಾ ಯಾರಾದ್ರೂ ಒಬ್ರು ಮಾಡ್ತಾರೆ. ಬ್ಯಾಂಕಿಂದ ಅಂತಾರೆ, ಬಹುಮಾನ ಬಂದಿದೆ ಅಂತಾರೆ. ಹಾಸಿಗೆ ಹಿಡಿದೋರ ಮನೆ ಎಲ್ಲಿ ಅಂತ ಕೇಳಿದೋರು ನೀವೇ ಮೊದಲು. ನಾನು ಹೇಳಲ್ಲ.”

“ಹೇಳಬೇಡಿ! ಹೆಸರು ಬೇಡ, ವಿಳಾಸ ಬೇಡ. ನೀವೇ ಹೋಗಿ ಒಂದು ಪ್ಲಗ್ ಕಿತ್ತರೆ ಸಾಕು. ನಾನು ಸುಳ್ಳಿ ಅಂತಾನೇ ಇಟ್ಕೊಳ್ಳಿ, ನಿಮಗೆ ನಷ್ಟ ಏನು? ಒಂದು ಪ್ಲಗ್ಗು ಸಾರ್. ಆಮೇಲೆ ಮತ್ತೆ ಹಾಕ್ಕೋಬಹುದು.”

ಕುರ್ಚಿ ಕಿರ್ರೆಂದದ್ದು ಕೇಳಿಸಿತು.

“ಬೈಂಡಿಂಗ್ ಅಕ್ಕನ ಮನೆ ಅದು. ಪುಸ್ತಕ ಕಟ್ಟೋ ಕಾರ್ಖಾನೇಲಿರ್ತಾಳೆ ಅವಳೀಗ. ಅಲ್ಲಿ ಕೆಲಸದ ಹೊತ್ತಲ್ಲಿ ಫೋನ್ ಮುಟ್ಟಂಗಿಲ್ಲ. ಮನೆ ಮುಂದಿನ ಬೀದಿಯಲ್ಲೇ ಇದೆ. ಆದ್ರೆ ನನ್ನ ಮಂಡಿ ಸರಿ ಇಲ್ಲ ತಾಯಿ, ಓಡು ಅಂದ್ರೆ ಆಗಲ್ಲ.”

“ನಡೀರಿ. ಫೋನ್ ಮಾತ್ರ ಇಡಬೇಡಿ.”

ಹನ್ನೊಂದು ಇಪ್ಪತ್ತೊಂಬತ್ತು. ಕೋಣೆಯಲ್ಲಿ ನಾಲ್ಕು ಜನ ಸ್ಪೀಕರ್ ಹಾಕಿದ ಒಂದು ಫೋನಿನ ಸುತ್ತ ನಿಂತರು. ಅದರೊಳಗಿಂದ ಶಟರ್ ಎಳೆದ ಸದ್ದು, ಆಮೇಲೆ ಊರುಗೋಲಿನ ಸದ್ದು. ಟಕ್, ಒಂದು ಹೆಜ್ಜೆ, ಏದುಸಿರು, ಟಕ್. ಯಾವುದೋ ವಾಹನ ಹಾರ್ನ್ ಹೊಡೆಯಿತು. ಯಾರೋ “ಎಲ್ಲಿಗೆ ಸವಾರಿ?” ಎಂದು ಕೇಳಿದರು; ಮುದುಕರು ನಿಂತರು. “ನಿಲ್ಲಬೇಡಿ,” ಎಂದಳು ಅವಳು ಫೋನಿಗೆ, ದೇವರಿಗೆ ಹೇಳುವ ದನಿಯಲ್ಲಿ. ಟಕ್. ಅವಳು ಒಂದೊಂದು ಹೆಜ್ಜೆಯನ್ನೂ ಎಣಿಸಿದಳು. ಇನ್ನೂರ ಅರವತ್ತರ ತನಕ ಎಣಿಸಿದ್ದು ನೆನಪಿದೆ, ಆಮೇಲೆ ತಪ್ಪಿತು. ಡಾಕ್ಟರು ಅವಳ ಹೆಗಲ ಮೇಲೆ ಕೈಯಿಟ್ಟಿದ್ದರು.

ಬಾಗಿಲು ಕಿರುಗುಟ್ಟಿತು. ದೂರದಿಂದ ನಿದ್ದೆಗಣ್ಣಿನ ಎಳೆಯ ದನಿ: “ಯಾರದು?”

“ನಾನಪ್ಪಾ, ಕನ್ನಡಕ.”

“ಏನ್ ಮಾಮ, ಈ ಹೊತ್ತಲ್ಲಿ?”

“ಯಾವಳೋ ಪುಣ್ಯಾತ್ಗಿತ್ತಿ ಫೋನಲ್ಲಿದಾಳೆ. ನಿನ್ನ ಕಾಲು ಸುಡ್ತಿದೆ ಅಂತಾಳೆ.”

ಹುಡುಗ ನಕ್ಕ. “ಸುಡ್ಲಿ ಬಿಡಿ ಮಾಮ. ಹಂಗಾದ್ರೂ ಗೊತ್ತಾಗ್ಲಿ.”

“ಸಾರ್, ಡಬ್ಬಿ ಮೇಲೆ ಅಂಕಿ ಎಷ್ಟು?” ಅವಳ ದನಿ ಕಿರುಚಾಟವಾಗಿತ್ತು.

“ತಡೀರಿ, ಕನ್ನಡಕ ತಲೆ ಮೇಲಿದೆ. ಹಾಂ. ಒಂದು ಅಡ್ಡಗೀಟು. ಒಂದು, ಎರಡು, ಏಳು.”

“ಕೆಂಪು ದೀಪ?”

“ಉರೀತಿದೆ.”

“ಕೀಳಿ. ಕೀಳಿ ಸಾರ್!”

ಏನೋ ಬಿದ್ದ ಸದ್ದು. “ಕಿತ್ತೆ. ದೀಪ ಹೋಯ್ತು.”

“ಕಂಬಳಿ ತೆಗೀರಿ. ಕಾಲು ಎತ್ತಿ ಮೆತ್ತೆಯಿಂದ ಆಚೆ ಇಡಿ.”

ಕಂಬಳಿ ಎಳೆದ ಸದ್ದು. ಆಮೇಲೆ ಮುದುಕರ ದನಿ ಬಂತು, ಬೇರೆಯೇ ದನಿ. “ಅಯ್ಯೋ. ಮೆತ್ತೆ ಮುಟ್ಟಕ್ಕಾಗ್ತಿಲ್ಲ ತಾಯಿ. ಕೈ ಚುರ್ ಅಂತು.”

“ಕಾಲು? ಕಾಲು ಹೇಗಿದೆ ಸಾರ್?”

“ಮಾಮ, ಯಾಕೆ ಮುಖ ಹಂಗ್ ಮಾಡ್ತೀರ?” ಎಂದ ಹುಡುಗ. ಈ ಸಲ ಅವನು ನಗಲಿಲ್ಲ. “ಏನಾಗಿದೆ? ನನಗೆ ಕಾಣಲ್ಲ. ಏನಾಗಿದೆ ಹೇಳಿ ಮಾಮ.”

ಡಾಕ್ಟರು ಫೋನು ಕಸಿದುಕೊಂಡರು. ತಣ್ಣೀರು, ಐಸ್ ಬೇಡ, ಎಣ್ಣೆ ಬೇಡ, ಇಪ್ಪತ್ತು ನಿಮಿಷ ಬಿಡದೆ ನೀರು ಸುರಿಯುತ್ತಿರಿ, ಪಕ್ಕದವರನ್ನು ಕೂಗಿ, ಅಕ್ಕನಿಗೆ ಹೇಳಿಕಳಿಸಿ, ಆಸ್ಪತ್ರೆಗೆ ತೋರಿಸಿ. ಮುದುಕರು ಎಲ್ಲಕ್ಕೂ ಹೂಂಗುಟ್ಟಿ, “ಎರಡು ಕೈ ಬೇಕು, ಇಡ್ತೀನಿ,” ಎಂದು ಫೋನಿಟ್ಟುಬಿಟ್ಟರು.

ಮತ್ತೆ ಮಾಡಿದಾಗ ಎತ್ತಲಿಲ್ಲ.

ಆಮೇಲಿನ ನಾಲ್ಕೂವರೆ ಗಂಟೆ ಅವಳ ಪಾಲಿಗೆ ಅಂದಿನ ಅತ್ಯಂತ ಉದ್ದದ ಭಾಗ. ಡಾಕ್ಟರು ಕಾಯುತ್ತಿದ್ದ ಐದು ಕೆನ್ನೆಗಳನ್ನೂ ಸೋಮವಾರಕ್ಕೆ ಕಳಿಸಿ, ಡ್ರೈವರನ ಹಲ್ಲೊಂದನ್ನು ಮಾತ್ರ ಮುಗಿಸಿ, ಮಡಿಕೆಯನ್ನು ಕಿತ್ತುಹಾಕಿದರು. ಕಟ್ಟೆಯ ಪ್ರತಿ ಪುಟದ ನೆತ್ತಿಯಲ್ಲೂ ಕೆಂಪು ಎಚ್ಚರಿಕೆ ಬಂತು. ಆರು ವಾರದಲ್ಲಿ ಬೆಚ್ಚನೆ ಪೆಟ್ಟಿಗೆಯನ್ನು ಕಾಪಿ ಮಾಡಿದವರು ಮುನ್ನೂರ ಹದಿನೆಂಟು ಸದಸ್ಯರು. ಅವರಲ್ಲಿ ಯಾರು ಯಾರ ಹಾಸಿಗೆಯ ಕೆಳಗೆ ಅದನ್ನು ಇಟ್ಟಿದ್ದಾರೋ! ಅವಳು ಕ್ಲಿನಿಕ್ಕಿನ ಮೂಲೆಯಲ್ಲೇ ಕೂತು, ಡಾಕ್ಟರು ತೆರೆದುಕೊಟ್ಟ ವಿಳಾಸಗಳ ಪಟ್ಟಿಯಿಂದ ಒಬ್ಬೊಬ್ಬರಿಗೂ ಪತ್ರ ಬರೆದಳು. ಒಂದೇ ಒಕ್ಕಣೆ ಎಲ್ಲರಿಗೂ ಕಳಿಸಬಹುದಿತ್ತು. ಆದರೆ ಕೈಗೆ ಕೆಲಸ ಬೇಕಿತ್ತು.

ಪೆನ್ಸಿಲ್ ತುಂಡಿನ ದೂರನ್ನು ಮತ್ತೆ ತೆರೆದಳು. ತನ್ನ ಕುಚೋದ್ಯವನ್ನು ಅಳಿಸಲಿಲ್ಲ, ಕೆಳಗೆ ಬರೆದಳು: ‘ನೀವು ಹೇಳಿದ್ದು ಸರಿ. ನಾನು ನನ್ನ ಖಾತೆಯಿಂದ ಮಾತ್ರ ನೋಡಿದೆ. ನೋಡುವ ಬದಲು ನಗಿಸಿದೆ. ಇದರಿಂದ ಒಬ್ಬರಿಗೆ ಗಾಯವಾಗಿದೆ.’ ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ಅವರು ಹೇಗಿದ್ದಾರೆ?’ ಅಷ್ಟೇ.

ಮೂರು ಗಂಟೆಗೆ ಮನೆಗೆ ಬಂದಳು. ಅತ್ತೆ ತಟ್ಟೆ ಮುಂದಿಟ್ಟರು. ಅವಳು ತುತ್ತು ಕಲಸಿದಳೇ ಹೊರತು ಬಾಯಿಗಿಡಲಿಲ್ಲ.

“ಪ್ಲಗ್ ಕೀಳಿಸಿದೆಯಲ್ಲ,” ಎಂದರು ಅತ್ತೆ.

“ಇಪ್ಪತ್ತಮೂರು ದಿನ ತಡವಾಗಿ.”

“ಹೌದು, ತಡವಾಗಿ,” ಎಂದರು ಅತ್ತೆ. ಅವರು ಸಮಾಧಾನಕ್ಕೆ ಸುಳ್ಳು ಹೇಳುವವರಲ್ಲ. ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತರು. ಇಬ್ಬರೂ ಪರದೆ ನೋಡುತ್ತ ಕೂತರು.

೪ ಗಂಟೆ ೧೬ ನಿಮಿಷಕ್ಕೆ ಎಂಟನೆಯ ದೂರಿನ ಕೆಳಗೆ ಹೊಸ ಬರಹ ಬಂತು. ಅವಳು ಪರದೆಯನ್ನು ಅತ್ತೆಯ ಕಡೆ ತಿರುಗಿಸಿದಳು. ಅತ್ತೆ ತಮ್ಮ ಕನ್ನಡಕ ಏರಿಸಿಕೊಂಡು, ಬೆರಳಿಟ್ಟು, ಜೋರಾಗಿ ಓದಿದರು.

‘ಆಸ್ಪತ್ರೆಯಿಂದ ಈಗ ಬಂದೆವು. ನಿಮ್ಮ ಮೇಲೆ ನನಗೆ ಸಿಟ್ಟಿದೆಯೋ ಇಲ್ಲವೋ ಇನ್ನೂ ತಿಳಿಯದು, ನಾಳೆ ಯೋಚಿಸುತ್ತೇನೆ. ಬಲಗಾಲು ಮೆತ್ತೆಯಿಂದ ಜಾರಿ ಹೊರಗಿತ್ತು, ಅದಕ್ಕೇನೂ ಆಗಿಲ್ಲ. ಎಡ ಮೀನಖಂಡ ಅಂಗೈಯಗಲ ಕೆಂಪಾಗಿದೆ. ಚರ್ಮದ ಮೇಲ್ಪದರ ಮಾತ್ರ ಸುಟ್ಟಿದೆ, ಇನ್ನು ಹತ್ತು ನಿಮಿಷವಾಗಿದ್ದರೆ ಒಳಗಿಳಿಯುತ್ತಿತ್ತು, ಇಂಥ ಕಾಲಿನಲ್ಲಿ ಆಳದ ಗಾಯ ಮಾಯುವುದಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು. ಏನಾಯಿತು ಎಂಬ ಕಲಮಿಗೆ ಇದನ್ನು ಸೇರಿಸಿಕೊಳ್ಳಿ. ಒಂದೇ ಗುಳ್ಳೆ ಎದ್ದಿದೆ, ಒಡೆದಿಲ್ಲ. ಬೈಂಡಿಂಗ್ ಕೆಲಸದ ಉಕ್ಕಿನ ಅಳತೆಪಟ್ಟಿ ಇಟ್ಟು ಅಳೆದೆ. ಉದ್ದ ೨೧ ಮಿಲಿಮೀಟರ್, ಅಗಲ ೧೩.’